ಚೆಂಡು ಓಡಲೇ ಇಲ್ಲ, ಕೊನೆಗೆ ಮಾತ್ರ ಕಾಣಿಸಿತು

ಜಾವಾ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದ ಹೊಸತು. ವಿಂಡೋದಲ್ಲಿ ಒಂದು ಕೆಂಪು ಚೆಂಡು ಎಡದಿಂದ ಬಲಕ್ಕೆ ಓಡಬೇಕು, ಅಷ್ಟೇ ನನ್ನ ಆಸೆ. ವಿಂಡೋ, ಬಟನ್ ಮಾಡಲು ಜಾವಾದಲ್ಲಿರುವ ಸ್ವಿಂಗ್‌ನಿಂದ ಜೆಪ್ಯಾನೆಲ್ ಎಂಬ ಖಾಲಿ ಹಲಗೆ ತಗೊಂಡು, ಅದರ ಚಿತ್ರ ಬರೆಯುವ ಪೇಂಟ್‌ಕಾಂಪೊನೆಂಟ್ ಮೆಥಡ್‌ನಲ್ಲಿ, ಬಣ್ಣ ತುಂಬಿದ ವೃತ್ತ ಬರೆಯುವ ಫಿಲ್‌ಓವಲ್ ಹಾಕಿದೆ. ಬಟನ್ ಒತ್ತಿದರೆ ಒಂದು ಫಾರ್ ಲೂಪ್: ಎಕ್ಸ್‌ಗೆ 5 ಕೂಡಿಸು, ಮತ್ತೆ ಬರೆಯಲು ರಿಪೇಂಟ್ ಕರೆ, 20 ಮಿಲಿಸೆಕೆಂಡ್ ಸ್ಲೀಪ್, ಅಂದರೆ ಸುಮ್ಮನೆ ಕಾಯುವುದು. ಹೀಗೆ 100 ಸಲ.

ಬಟನ್ ಒತ್ತಿದೆ. ಅದು ಒಳಗೆ ಹೋಗಿ ಹಾಗೇ ನಿಂತುಬಿಟ್ಟಿತು. ಎರಡು ಸೆಕೆಂಡ್ ಏನೂ ಇಲ್ಲ. ಆಮೇಲೆ ಚೆಂಡು ಒಮ್ಮೆಲೇ ಬಲಗಡೆ ತುದಿಯಲ್ಲಿ. ನಡುವಿನ ಓಟವೇ ಇಲ್ಲ!

ವೇಗ ಜಾಸ್ತಿ ಆಯಿತೇನೋ ಅಂದುಕೊಂಡು ಸ್ಲೀಪನ್ನು 100ಕ್ಕೆ ಏರಿಸಿದೆ. ಈಗ ಹತ್ತು ಸೆಕೆಂಡ್ ಸ್ತಬ್ಧ. ಮುಚ್ಚುವ ಗುರುತನ್ನು ಒತ್ತಿದರೂ ವಿಂಡೋ ಜಪ್ಪಯ್ಯ ಅನ್ನಲಿಲ್ಲ. ಆಗ ಹೊಳೆಯಿತು, ತೊಂದರೆ ಚೆಂಡಿನದಲ್ಲ, ಇಡೀ ವಿಂಡೋದ್ದು ಅಂತ.

ರಿಪೇಂಟ್ ಕರೆಯುವಲ್ಲಿ 'ಕೇಳಿದೆ' ಎಂದೂ, ಪೇಂಟ್‌ಕಾಂಪೊನೆಂಟ್ ಒಳಗೆ 'ಬರೆದೆ' ಎಂದೂ ಪ್ರಿಂಟ್ ಹಾಕಿ ನೋಡಿದೆ. ಕನ್ಸೋಲಿನಲ್ಲಿ 'ಕೇಳಿದೆ' ಸಾಲಾಗಿ ನೂರು ಸಲ ಬಂತು. 'ಬರೆದೆ' ಬಂದದ್ದು ಒಂದೇ ಸಲ, ಅದೂ ಎಲ್ಲ ಮುಗಿದ ಮೇಲೆ. ನೂರು ಸಾಲಿನ ಕೆಳಗಿದ್ದ ಆ ಒಂದು ಪದ ನನಗೆ ಕಲಿಸಿದಷ್ಟನ್ನು ಬೇರೇನೂ ಕಲಿಸಿಲ್ಲ.

ರಿಪೇಂಟ್ ಎಂದರೆ 'ಈಗಲೇ ಬರೆ' ಅಂತ ಅಲ್ಲ. 'ಪುರಸೊತ್ತಾದಾಗ ಬರೆ' ಎಂಬ ಕೋರಿಕೆ. ಅದು ಸಾಲಿನಲ್ಲಿ ಕಾಯುತ್ತದೆ. ಸಾಲನ್ನು ನೋಡಿಕೊಳ್ಳುವುದು ಈವೆಂಟ್ ಡಿಸ್‌ಪ್ಯಾಚ್ ಥ್ರೆಡ್, ವಿಂಡೋದ ಕೆಲಸಗಳನ್ನು ಒಂದಾದ ಮೇಲೊಂದು ಮಾಡುವ ಒಬ್ಬನೇ ಆಳು ಇದ್ದ ಹಾಗೆ. ಬಟನ್ ಒತ್ತಿದಾಗ ನನ್ನ ಕೋಡ್ ಓಡುವುದೂ ಅದೇ ಥ್ರೆಡ್‌ನಲ್ಲಿ. ಅಂದರೆ ಚಿತ್ರ ಬರೆಯಬೇಕಾದವನನ್ನೇ ನಾನು ಮಲಗಿಸಿದ್ದೆ. ಅವನು ಎದ್ದು ನೋಡುವ ಹೊತ್ತಿಗೆ ಒಂದೇ ಪ್ಯಾನೆಲ್‌ನ ನೂರು ಕೋರಿಕೆ ಸೇರಿ ಒಂದಾಗಿದ್ದವು.

ಗೆಟ್‌ಗ್ರಾಫಿಕ್ಸ್ ಕರೆದು ನೇರವಾಗಿ ಬರೆಯುವ ಅಡ್ಡದಾರಿಯನ್ನೂ ನೋಡಿದೆ. ಚೆಂಡು ಓಡಿದ ಹಾಗೆ ಕಂಡಿತು, ನಿಜ. ಆದರೆ ಚಿತ್ರ ಮಿನುಗುತ್ತಿತ್ತು, ವಿಂಡೋದ ಅಳತೆ ಬದಲಿಸಿದರೆ ಅಳಿಸಿಹೋಗುತ್ತಿತ್ತು. ಆ ದಾರಿ ಬೇಡವೇ ಬೇಡ.

ಸರಿಹೋದದ್ದು ಸ್ವಿಂಗ್ ಟೈಮರ್‌ನಿಂದ. ಲೂಪ್ ತೆಗೆದೆ, ಸ್ಲೀಪ್ ತೆಗೆದೆ. 16 ಮಿಲಿಸೆಕೆಂಡಿಗೊಮ್ಮೆ ಟೈಮರ್ ಕರೆಯುತ್ತದೆ, ನಾನು ಎಕ್ಸ್ ಬದಲಿಸಿ ರಿಪೇಂಟ್ ಕೇಳಿ ಹೊರಗೆ ಬರುತ್ತೇನೆ. ಸೆಕೆಂಡಿಗೆ ಸುಮಾರು 60 ಚಿತ್ರ. ಇಂಪೋರ್ಟ್ ಮಾಡುವಾಗ ಜೋಪಾನ, ಜಾವಾ ಯುಟಿಲ್ ಎಂಬ ಪ್ಯಾಕೇಜ್‌ನಲ್ಲೂ ಟೈಮರ್ ಎಂಬ ಹೆಸರಿನದೇ ಇನ್ನೊಂದಿದೆ. ಅದು ತನ್ನದೇ ಬೇರೆ ಥ್ರೆಡ್‌ನಲ್ಲಿ ಓಡುತ್ತದೆ.

ಚೆಂಡು ಓಡಿತು. ಆದರೆ ಹಿಂದೆಯೇ ಉದ್ದಕ್ಕೆ ಕೆಂಪು ಪಟ್ಟಿ! ಪ್ಯಾನೆಲ್‌ನ ಮೂಲೆಯಲ್ಲಿ ಬಟನ್‌ನ ಚಿತ್ರವೂ ಅರ್ಧ ಮೂಡಿತ್ತು. ಹಳೆಯದನ್ನು ಒರೆಸುವವರು ಯಾರು ಎಂದು ನಾನು ಯೋಚಿಸಿಯೇ ಇರಲಿಲ್ಲ. ಪ್ಯಾನೆಲ್‌ನ ಹಿನ್ನೆಲೆ ಬಳಿಯುವುದು ಸೂಪರ್ ಡಾಟ್ ಪೇಂಟ್‌ಕಾಂಪೊನೆಂಟ್, ಅಂದರೆ ಜೆಪ್ಯಾನೆಲ್‌ನ ಮೂಲ ಮೆಥಡ್. ಅದನ್ನು ಕರೆದೇ ಇರಲಿಲ್ಲ. ಅವಸರದಲ್ಲಿ ಮೆಥಡ್‌ನ ಕೊನೆಗೆ ಸೇರಿಸಿದೆ, ಚೆಂಡೇ ಮಾಯ. ಬರೆದ ಮೇಲೆ ಬಳಿದರೆ ಏನು ಉಳಿಯುತ್ತದೆ, ಅಲ್ವಾ? ಮೊದಲ ಸಾಲಿಗೆ ತಂದ ಮೇಲೆ ಪಟ್ಟಿಯೂ ಹೋಯಿತು, ಬಟನ್‌ನ ಚೂರೂ ಹೋಯಿತು.

ಆಮೇಲೊಮ್ಮೆ ಕೋಡ್ ಚಿಕ್ಕದಾಗಲಿ ಎಂದು ಎಕ್ಸ್ ಕೂಡಿಸುವ ಸಾಲನ್ನು ಪೇಂಟ್‌ಕಾಂಪೊನೆಂಟ್ ಒಳಗೇ ಇಟ್ಟೆ. ಸುಮ್ನೆ ವಿಂಡೋದ ಅಂಚು ಹಿಡಿದು ಎಳೆದರೆ ಚೆಂಡು ಇನ್ನೂ ಜೋರಾಗಿ ಓಡುತ್ತಿತ್ತು. ಆ ಮೆಥಡ್ ನಾನು ಕೇಳಿದಾಗ ಮಾತ್ರ ಓಡುವುದಿಲ್ಲ, ಸ್ವಿಂಗ್‌ಗೆ ಬೇಕೆನಿಸಿದಾಗಲೂ ಓಡುತ್ತದೆ. ಅಲ್ಲಿ ಬರೆಯುವ ಕೆಲಸ ಮಾತ್ರ ಇರಲಿ, ಲೆಕ್ಕವೆಲ್ಲ ಟೈಮರ್‌ನಲ್ಲಿರಲಿ. ಇನ್ನೊಂದು ಮಾತು: ಮೆಥಡ್‌ನ ಮೇಲೆ ಓವರ್‌ರೈಡ್ ಗುರುತು ಹಾಕಿ, ಮೂಲ ಮೆಥಡ್‌ನ ಬದಲಿಗೆ ಇದು ಎಂದು ಹೇಳುವ ಗುರುತು ಅದು. ಹೆಸರಿನ ಒಂದು ಅಕ್ಷರ ತಪ್ಪಿದರೂ ಕಂಪೈಲರ್ ಅಲ್ಲೇ ಹಿಡಿಯುತ್ತದೆ.

ಕೊನೆಗೆ ಚೆಂಡು ಗೋಡೆಗೆ ತಾಗಿ ವಾಪಸ್ ಬರುವ ಹಾಗೆ ಮಾಡಿದೆ. ಮೊದಲು ಅದು ಬಲಗಡೆ ಪೂರ್ತಿ ಮರೆಯಾಗಿ ಆಮೇಲೆ ತಿರುಗುತ್ತಿತ್ತು. ಫಿಲ್‌ಓವಲ್‌ಗೆ ಕೊಡುವ ಎಕ್ಸ್ ಚೆಂಡಿನ ನಡುವಿನದಲ್ಲ, ಎಡ ಅಂಚಿನದು. ಪ್ಯಾನೆಲ್‌ನ ಅಗಲದಿಂದ ಚೆಂಡಿನ 30 ಪಿಕ್ಸೆಲ್ ಕಳೆದೆ. ಈಗ ಅಂಚಿಗೆ ತಾಗಿದ ಕೂಡಲೇ ತಿರುಗುತ್ತದೆ.