ಎರೆಹೊಲಗಳಲ್ಲಿ ಎರೆಭೂತದ ನೆಲೆ ಹುಡುಕಿದ್ದು: ನನ್ನ ಅನುಭವ

ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಹೊರಗಿನವರು ಕರೆಯುವ ಎರೆಭೂತಕ್ಕೆ ಕರ್ನಾಟಕದಲ್ಲಿ ಉಳಿದಿರುವ ಆಸರೆ ಎಂದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸುತ್ತಲಿನ ಮಳೆಯಾಶ್ರಿತ ಎರೆಹೊಲಗಳು. 2011ರಿಂದ ತೀವ್ರ ಅಪಾಯದ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿರುವ ಇದು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು, ಅದೂ ಬರಿನೆಲದ ಮೇಲೆ, ಇಡುತ್ತದೆ. ಆದ್ದರಿಂದ ಯಾವ ಹೊಲಗಳು ಇದಕ್ಕೆ ಒಗ್ಗುತ್ತವೆ ಎಂಬ ನಕ್ಷೆಯನ್ನು ಆದಷ್ಟು ಎಚ್ಚರದಿಂದ ತಯಾರಿಸಬೇಕೆಂದು ನಾನು ಹೊರಟೆ.

ಹಕ್ಕಿ ಕಂಡ ಜಾಗಗಳ ದಾಖಲೆಗಳನ್ನು, ಅಂಥವುಗಳಿಂದ ಒಗ್ಗುವ ನೆಲೆಗಳನ್ನು ಅಂದಾಜಿಸುವ ಮಾದರಿ ಕಟ್ಟುವ ಮ್ಯಾಕ್ಸೆಂಟ್ ತಂತ್ರಾಂಶಕ್ಕೆ ಕೊಟ್ಟಾಗ ಬಂದ ಮೊದಲ ನಕ್ಷೆಯಲ್ಲಿ ಒಳ್ಳೆಯ ನೆಲೆಗಳೆಲ್ಲ ರಸ್ತೆಗಳ ಉದ್ದಕ್ಕೇ ಇದ್ದವು. ನೋಡುವವರು ರಸ್ತೆಯಿಂದ ನೋಡಿದ್ದರು, ಅಷ್ಟೇ. ಹೋಲಿಕೆಗೆ ಬಳಸುವ ಹಿನ್ನೆಲೆ ಬಿಂದುಗಳನ್ನೂ ಅವೇ ರಸ್ತೆಗಳ ಆಸುಪಾಸಿನಿಂದ ಆಯ್ದ ಮೇಲೆ ಆ ದೋಷ ಬಹುಮಟ್ಟಿಗೆ ನೀಗಿತು.

ಹೆಚ್ಚು ಕಾಡಿದ್ದು ಬೆಳೆ. ನಾನು ಆರಿಸಿಕೊಂಡಿದ್ದ ನವೆಂಬರ್ ತಿಂಗಳ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಹಿಂಗಾರಿ ಜೋಳವೂ ಹಸಿರು, ತುಂಗಭದ್ರಾ ಕಾಲುವೆಯ ಭತ್ತವೂ ಹಸಿರು. ನಕ್ಷೆ ಅತ್ಯುತ್ತಮವೆಂದು ತೋರಿಸಿದ ಒಂದು ಜಾಗಕ್ಕೆ ಹೋಗಿ ನಿಂತರೆ ಅದು ಗದ್ದೆಯಾಗಿತ್ತು. ಅಲ್ಲಿನ ಹಿರಿಯ ರೈತರೊಬ್ಬರು, ನೀರು ಹತ್ತಿದ ಹೊಲಕ್ಕೆ ಆ ಹಕ್ಕಿ ಬರುವುದಿಲ್ಲವೆಂದೂ ಬೇಸಿಗೆಯಲ್ಲಿ ಬರಿದಾಗಿ ಬಿದ್ದಿರುವ ಹೊಲಗಳನ್ನು ನೋಡಬೇಕೆಂದೂ ತಿಳಿಸಿದರು. ಇಡೀ ಕೆಲಸ ತಿರುಗಿದ್ದು ಆ ಮಾತಿನಿಂದ. ಮಾರ್ಚ್ ಚಿತ್ರದಲ್ಲಿ ಎರೆಹೊಲ ಕಪ್ಪಾಗಿಯೂ ಎರಡನೇ ಬೆಳೆಯ ಗದ್ದೆ ಹಸಿರಾಗಿಯೂ ಬೇರೆಬೇರೆಯಾಗಿ ನಿಂತವು. ಬಳ್ಳಾರಿ ಜಾಲಿಯ ಪೊದೆಗಳೂ ಹಸಿರಾಗಿಯೇ ಕಂಡವು, ಅವೂ ಈ ಬಯಲು ಹಕ್ಕಿಗೆ ಬೇಡವಾದವೇ. ಆದರೆ ಜಲಾಶಯ ತುಂಬದ ವರ್ಷ ಗದ್ದೆಯೂ ಬರಿದಾಗಿರುತ್ತದೆ. ಹಾಗಾಗಿ ಹಲವು ವರ್ಷಗಳ ಮಾರ್ಚ್ ಚಿತ್ರಗಳನ್ನು ಸೇರಿಸಿ, ಪ್ರತಿ ತುಣುಕು ನೆಲವೂ ಯಾವುದಾದರೊಂದು ವರ್ಷ ತೋರಿದ ಅತಿ ಹೆಚ್ಚಿನ ಹಸಿರನ್ನು ಅಳತೆಯಾಗಿ ತೆಗೆದುಕೊಂಡೆ.

ವಿದ್ಯುತ್ ತಂತಿಗಳನ್ನು ಮಾದರಿಯ ಒಳಗೆ ಸೇರಿಸಲಿಲ್ಲ. ಈ ನಿರ್ಧಾರವನ್ನು ಇಂದಿಗೂ ಸರಿಯೆಂದೇ ನಂಬಿದ್ದೇನೆ. ಭಾರವಾದ ದೇಹದ, ನೇರ ಮುಂದಿನದನ್ನು ಸರಿಯಾಗಿ ಕಾಣಲಾರದ ಎರೆಭೂತ ತಂತಿಯಿರುವ ಬಯಲನ್ನು ಬಿಟ್ಟು ಹೋಗುವುದಿಲ್ಲ, ಅಲ್ಲಿಗೇ ಬಂದು ತಂತಿಗೆ ಬಡಿದು ಸಾಯುತ್ತದೆ. ಒಗ್ಗುವ ನೆಲ ಬೇರೆ, ಸುರಕ್ಷಿತ ನೆಲ ಬೇರೆ. ಆದ್ದರಿಂದ ತಂತಿಗಳನ್ನು ಪ್ರತ್ಯೇಕ ಪದರವಾಗಿ ನಕ್ಷೆಯ ಮೇಲೆ ಹಾಸಿದೆ. ಒಗ್ಗುವ ನೆಲವೂ ತಂತಿಯೂ ಕೂಡಿದ ಕಡೆಗಳೇ ಮೊದಲು ಗಮನ ಕೊಡಬೇಕಾದ ಜಾಗಗಳಾದವು.

ಮಾದರಿ ಎಷ್ಟು ಸರಿಯೆಂದು ಪರೀಕ್ಷಿಸಲು ಬಿಡಿ ಬಿಂದುಗಳ ಬದಲು ಅಕ್ಕಪಕ್ಕದ ಊರುಗಳ ಇಡೀ ಗುಂಪಿನ ದಾಖಲೆಗಳನ್ನೇ ಹೊರಗಿಟ್ಟೆ, ಏಕೆಂದರೆ ಪಕ್ಕಪಕ್ಕದ ಬಿಂದುಗಳು ಒಂದನ್ನೊಂದು ಹೋಲುವುದರಿಂದ ಪರೀಕ್ಷೆ ಸುಲಭವಾಗಿಬಿಡುತ್ತದೆ. ಪರೀಕ್ಷೆಯ ಅಂಕ ಇಳಿಯಿತು, ಆದರೆ ನಕ್ಷೆಯ ಮೇಲಿನ ನಂಬಿಕೆ ಹೆಚ್ಚಿತು. ಗೂಡಿನ ನೆಲೆ ಬಯಲಾಗದಿರಲೆಂದು ಹೊರಗೆ ಕೊಡುವ ನಕ್ಷೆಯ ಚೌಕಗಳನ್ನು ದೊಡ್ಡದಾಗಿಸಿದ್ದೇನೆ. ಕಡಲೆ ಬಿತ್ತುತ್ತಿದ್ದ ಹೊಲಕ್ಕೆ ಕೊಳವೆಬಾವಿ ಬಂದರೆ ಮರುವರ್ಷವೇ ಅಲ್ಲಿ ಮೆಣಸಿನಕಾಯಿ ಇರುತ್ತದೆಯಾದ್ದರಿಂದ, ಪ್ರತಿ ಮಾರ್ಚ್ ಮುಗಿದ ಕೂಡಲೇ ನಕ್ಷೆಯನ್ನು ಮತ್ತೆ ಹೊಸದಾಗಿ ಬರೆಯುತ್ತೇನೆ.