ಸಿನಿಮಾದ ಅರ್ಧ ನಿಮಿಷದ ಜಾಗವನ್ನು ಪಾರ್ಕಿನಲ್ಲಿ ಕಟ್ಟಿದ್ದು

ಥೀಮ್ ಪಾರ್ಕುಗಳಿಗೆ ಸೆಟ್ ಡಿಸೈನ್ ಮಾಡುವುದು ನನ್ನ ಕೆಲಸ. ಮೊದಲು ಸಿನಿಮಾ ಸೆಟ್‌ಗಳನ್ನೇ ಮಾಡುತ್ತಿದ್ದೆ. ಆಮೇಲೆ ಒಂದು ಸಾಹಸ ಚಿತ್ರ ಸರಣಿಯನ್ನು ಪಾರ್ಕಿಗೆ ತರುವ ತಂಡ ಸೇರಿಕೊಂಡೆ. ಸರಣಿಯ ಹೆಸರು ಹೇಳುವ ಹಾಗಿಲ್ಲ, ಕರಾರು ಹಾಗಿದೆ. ನನ್ನ ಪಾಲಿಗೆ ಬಂದದ್ದು ರೈಡ್ ಅಲ್ಲ, ರೈಡ್‌ಗೆ ಹೋಗುವ ಕ್ಯೂ. ಕೇಳಿದವರೆಲ್ಲ "ಅಯ್ಯೋ, ಬರೀ ಕ್ಯೂನಾ?" ಅಂದರು. ಹೌದು, ಬರೀ ಕ್ಯೂ. ರೈಡ್ ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತದೆ, ಕ್ಯೂನಲ್ಲಿ ಜನ ಒಂದು ಗಂಟೆ ನಿಂತಿರುತ್ತಾರೆ. ಆ ಸಿನಿಮಾದ ಜಗತ್ತಿನಲ್ಲಿ ಅವರು ಜಾಸ್ತಿ ಹೊತ್ತು ಇರುವುದು ಎಲ್ಲಿ ಅಂತ ನೀವೇ ಲೆಕ್ಕ ಹಾಕಿ.

ಶುರುವಿಗೆ ಸರಣಿಯ ಚಿತ್ರಗಳನ್ನೆಲ್ಲ ಸೌಂಡ್ ಬಂದ್ ಮಾಡಿ ನೋಡಿದೆ. ಮಾತು, ಸಂಗೀತ ಇದ್ದರೆ ಕತೆ ನಮ್ಮನ್ನು ಎಳೆದುಕೊಂಡು ಹೋಗಿಬಿಡುತ್ತದೆ. ನನಗೆ ಬೇಕಾಗಿದ್ದು ಜಾಗ. ಪ್ರತಿ ಜಾಗದ ಮುಂದೆ ಒಂದೇ ಪ್ರಶ್ನೆ ಬರೆದುಕೊಂಡೆ: ಇಲ್ಲಿ ಹೋಗಿ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸುತ್ತದಾ? ಕ್ಲೈಮ್ಯಾಕ್ಸ್ ನಡೆಯುವ ಕೋಟೆಯ ಬಗ್ಗೆ ಹಾಗನ್ನಿಸಲಿಲ್ಲ. ಎರಡನೇ ಚಿತ್ರದಲ್ಲಿ ಅರ್ಧ ನಿಮಿಷ ಬಂದು ಹೋಗುವ ಹಡಗು ರಿಪೇರಿ ಅಂಗಳದ ಬಗ್ಗೆ ಅನ್ನಿಸಿತು. ಗೋಡೆ ತುಂಬ ಸಾಮಾನು, ಎಲ್ಲೆಲ್ಲೂ ತುಕ್ಕು, ಯಾರೋ ಈಗಷ್ಟೇ ಎದ್ದು ಹೋದಂಥ ಒಂದು ಸ್ಟೂಲ್. ಕ್ಯೂ ಇಲ್ಲೇ ಇರಲಿ ಅಂದೆ.

ಮಾರ್ಕೆಟಿಂಗ್‌ನವರಿಗೆ ಇದು ಹಿಡಿಸಲಿಲ್ಲ. ಪೋಸ್ಟರ್‌ನಲ್ಲಿ ಇರುವುದು ಕೋಟೆ, ಜನ ಗುರುತು ಹಿಡಿಯುವುದೂ ಕೋಟೆಯನ್ನೇ, ಹಾಗಾಗಿ ಕೋಟೆ ಕಟ್ಟಿ ಅಂದರು. ಮಾತಿನಲ್ಲಿ ಹುರುಳಿತ್ತು. ಅಮೆರಿಕದ ಒರ್ಲ್ಯಾಂಡೊದಲ್ಲಿರುವ ಯೂನಿವರ್ಸಲ್ ಪಾರ್ಕು 2010ರ ಜೂನ್‌ನಲ್ಲಿ ಹ್ಯಾರಿ ಪಾಟರ್ ಜಗತ್ತನ್ನು ತೆರೆದಾಗ ಕೋಟೆಯನ್ನೇ ಕಟ್ಟಿತ್ತು, ಅಲ್ವಾ? ಆದರೆ ಅಲ್ಲಿ ಕೋಟೆ ಅಂದರೆ ಹ್ಯಾರಿ ಮಂತ್ರವಿದ್ಯೆ ಕಲಿಯುವ ಶಾಲೆ. ಆ ಪುಸ್ತಕ ಓದಿದ ಪ್ರತಿ ಮಗುವಿಗೂ ಅಲ್ಲಿ ತಾನು ಇರಬೇಕಿತ್ತು ಅನ್ನಿಸಿರುತ್ತದೆ. ಮುಖ್ಯ ರೈಡ್‌ನ ಕ್ಯೂ ಆ ಕೋಟೆಯೊಳಗೇ ಹಾದು ಹೋಗುತ್ತದೆ. ಮಾತಾಡುವ ಪಟಗಳು, ಹೆಡ್‌ಮಾಸ್ಟರ್ ಡಂಬಲ್‌ಡೋರ್ ಕೋಣೆ ಎಲ್ಲ ದಾರಿಯಲ್ಲೇ ಸಿಗುತ್ತವೆ. ಹೊರಗೆ ಬಂದರೆ ಕತೆಯಲ್ಲಿ ಬರುವ ಬಟರ್‌ಬಿಯರ್ ಕುಡಿಯಬಹುದು, ಮಂತ್ರದ ಕೋಲು ಕೊಳ್ಳಬಹುದು. ನಾಯಕನ ಕತೆಯನ್ನು ನೋಡುವುದಕ್ಕಿಂತ, ಅವನ ಊರಿನಲ್ಲಿ ನಾವೂ ಒಂದಷ್ಟು ಹೊತ್ತು ಇದ್ದು ಬರುವುದೇ ಅಲ್ಲಿನ ಮಜಾ. ನಮ್ಮ ಸರಣಿಯ ಕೋಟೆ ಹಾಗಲ್ಲ. ಅಲ್ಲಿ ಜನ ಸಾಯುತ್ತಾರೆ, ಅಷ್ಟೇ.

ಇನ್ನೊಂದು ತುದಿಯ ಉದಾಹರಣೆ ಸ್ಟಾರ್ ವಾರ್ಸ್‌ನದು. 2019ರಲ್ಲಿ ಡಿಸ್ನಿ ಮೊದಲು ಕ್ಯಾಲಿಫೋರ್ನಿಯಾದಲ್ಲಿ, ಆಮೇಲೆ ಫ್ಲಾರಿಡಾದಲ್ಲಿ ತನ್ನ ಪಾರ್ಕಿನೊಳಗೆ ಗ್ಯಾಲಕ್ಸೀಸ್ ಎಡ್ಜ್ ಅನ್ನುವ ಸ್ಟಾರ್ ವಾರ್ಸ್ ಜಗತ್ತನ್ನು ತೆರೆಯಿತು. ಚಿತ್ರಗಳಲ್ಲಿ ನೋಡಿದ ಯಾವ ಗ್ರಹವೂ ಬೇಡ ಅಂತ ಬಾಟು ಅನ್ನುವ ಹೊಸ ಜಾಗವನ್ನೇ ಹುಟ್ಟಿಸಿದರು. ಕಾಲವನ್ನು ಮುಖ್ಯ ಸರಣಿಯ ಕೊನೆಯ ಮೂರು ಚಿತ್ರಗಳಿಗೆ ಕಟ್ಟಿಹಾಕಿದರು. ಹಳೆಯ ಚಿತ್ರಗಳ ಖಳನಾಯಕ ಡಾರ್ತ್ ವೇಡರ್ ಅಷ್ಟರಲ್ಲಿ ಸತ್ತಿರುತ್ತಾನೆ, ಹಾಗಾಗಿ ಅವನಿಗೆ ಅಲ್ಲಿ ಜಾಗ ಇರಲಿಲ್ಲ. ಕಲ್ಲು, ಗೋಡೆ, ಬಣ್ಣದ ಕೆಲಸ ನೋಡಿದರೆ ನನ್ನಂಥವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆದರೆ ಚಿಕ್ಕಂದಿನಿಂದ ಡಾರ್ತ್ ವೇಡರ್ ಗುಂಗಿನಲ್ಲೇ ಬೆಳೆದ ಅಪ್ಪ ಮಗಳ ಕೈ ಹಿಡಿದುಕೊಂಡು ಬಂದರೆ, ಅವಳಿಗೆ ಏನನ್ನು ತೋರಿಸಬೇಕು?

ನನಗೆ ಬೇಕಿದ್ದದ್ದು ಈ ಎರಡರ ನಡುವಿನದು. ಅರ್ಧ ನೋಡಿದ ಜಾಗ. ಅಭಿಮಾನಿಗೆ ಗುರುತು ಸಿಗಬೇಕು, ಆದರೆ ಉಳಿದರ್ಧ ತುಂಬಲು ನನಗೂ ಸ್ವಾತಂತ್ರ್ಯ ಇರಬೇಕು. ರಿಪೇರಿ ಅಂಗಳದಲ್ಲಿ ಎರಡೂ ಇದ್ದವು. ಕೊನೆಗೆ ಅದಕ್ಕೇ ಒಪ್ಪಿದರು. ಕಟ್ಟುವ ಖರ್ಚು ಕೋಟೆಗಿಂತ ಕಮ್ಮಿ ಅನ್ನುವುದೂ ಕೆಲಸಕ್ಕೆ ಬಂತು ಅನ್ನಿ.

ತುಂಬುವುದು ಅಂದರೆ ಸುಮ್ನೆ ಅಲ್ಲ. ಸಿನಿಮಾದಲ್ಲಿ ಕ್ಯಾಮೆರಾ ನೋಡುವ ಕಡೆ ಮಾತ್ರ ಸೆಟ್ ಹಾಕಿರುತ್ತಾರೆ. ಮೂಲ ಡ್ರಾಯಿಂಗ್ ತರಿಸಿ ನೋಡಿದರೆ ಅಂಗಳಕ್ಕೆ ಇದ್ದದ್ದು ಒಂದೂವರೆ ಗೋಡೆ. ಪಾರ್ಕಿಗೆ ಬಂದವರು ಹಿಂದೆ ತಿರುಗುತ್ತಾರೆ, ಬಗ್ಗಿ ನೋಡುತ್ತಾರೆ, ಮಕ್ಕಳು ಬಾಗಿಲು ತಳ್ಳುತ್ತಾರೆ. ಹಾಗೆ ನಾವು ಸೇರಿಸಿದ ಪ್ರತಿಯೊಂದನ್ನೂ ಹಕ್ಕು ಇರುವ ಸ್ಟುಡಿಯೊದವರು ನೋಡಿ ಒಪ್ಪಬೇಕು. ಒಂದೊಂದು ಸಾಮಾನಿನ ಚಿತ್ರ ಕಳಿಸಿ ಒಪ್ಪಿಗೆ ಕಾಯುತ್ತ ಕೂತರೆ ಕೆಲಸ ಮುಗಿಯುವುದಿಲ್ಲ. ಅದಕ್ಕೆ ನಾನು ಸಾಮಾನಿನ ಬದಲು ನಿಯಮ ಬರೆದು ಕಳಿಸಿದೆ. ಇಲ್ಲಿ ಹೊಸದು ಏನೂ ಇಲ್ಲ, ಎಲ್ಲ ಬೇರೆ ಹಡಗಿನಿಂದ ಕಿತ್ತು ತಂದದ್ದು. ಅಂಗಳದ ಯಜಮಾನಿ ಎಡಗೈಯವಳು, ಹಾಗಾಗಿ ಉಪಕರಣಗಳೆಲ್ಲ ಎಡಕ್ಕೆ ನೇತಾಡುತ್ತವೆ. ತನಗೆ ಸಾಲ ವಾಪಸ್ ಕೊಡಬೇಕಾದವರ ಹೆಸರನ್ನು ಅವಳು ಕಂಬದ ಮೇಲೆ ಗೀಚಿಡುತ್ತಾಳೆ. ಇಂಥವು ಒಂದು ಪುಟದಷ್ಟು. ಸ್ಟುಡಿಯೊದ ಹೆಂಗಸು ಒಬ್ಬರು ಫೋನ್ ಮಾಡಿ, "ಎಡಗೈ ಅಂತ ನಿಮಗೆ ಹೇಗೆ ಗೊತ್ತು?" ಅಂತ ಕೇಳಿದರು. "ಚಿತ್ರದಲ್ಲಿ ಸ್ಟೂಲಿನ ಪಕ್ಕದ ಸುತ್ತಿಗೆ ಎಡಗಡೆಗಿದೆ, ನೋಡಿ" ಅಂದೆ. ಆಮೇಲೆ ಒಪ್ಪಿಗೆಗಳು ಸಲೀಸಾಗಿ ಬರತೊಡಗಿದವು. ನಿಯಮ ಒಪ್ಪಿದ ಮೇಲೆ ಅದರೊಳಗಿನ ಸಾಮಾನಿಗೆ ತಕರಾರು ತೆಗೆಯುವುದು ಕಷ್ಟ.

ಮುಖಗಳ ವಿಷಯ ಬೇರೆ. ಸ್ಟುಡಿಯೊದ ಬಳಿ ಪಾತ್ರದ ಹಕ್ಕು ಇದ್ದ ಮಾತ್ರಕ್ಕೆ ನಟನ ಮುಖ, ದನಿ ಸಿಕ್ಕವು ಅಂತಲ್ಲ. ಅದಕ್ಕೆ ಬೇರೆ ಕರಾರು, ಬೇರೆ ದುಡ್ಡು. ನಾನು ಕ್ಯೂನಲ್ಲಿ ಒಂದೂ ಮುಖ ಇಡಲಿಲ್ಲ. ಹಕ್ಕುಗಳ ಸಿಕ್ಕು ಎಷ್ಟು ಕಾಲ ಕಾಡುತ್ತದೆ ಅನ್ನುವುದಕ್ಕೆ ಸ್ಪೈಡರ್‌ಮ್ಯಾನ್‌ನಂಥ ಹೀರೋಗಳ ಕಾಮಿಕ್ಸ್ ಕಂಪನಿ ಮಾರ್ವೆಲ್ ನೋಡಿ. 1994ರಲ್ಲಿ ಮಾರ್ವೆಲ್ ತನ್ನ ಹೀರೋಗಳನ್ನು ಪಾರ್ಕಿನಲ್ಲಿ ಬಳಸಲು ಯೂನಿವರ್ಸಲ್ ಜೊತೆ ಕರಾರು ಮಾಡಿಕೊಂಡಿತು. 2009ರಲ್ಲಿ ಡಿಸ್ನಿ ಮಾರ್ವೆಲ್ ಕಂಪನಿಯನ್ನೇ ಕೊಂಡಿತು. ಆದರೂ ಒರ್ಲ್ಯಾಂಡೊದಲ್ಲಿ ಸ್ಪೈಡರ್‌ಮ್ಯಾನ್ ರೈಡ್ ಇರುವುದು ಇವತ್ತಿಗೂ ಯೂನಿವರ್ಸಲ್‌ನಲ್ಲೇ. ಅದೇ ಊರಿನ ಡಿಸ್ನಿ ಪಾರ್ಕಿಗೆ 2022ರಲ್ಲಿ ಮಾರ್ವೆಲ್‌ನದೇ ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ ರೈಡ್ ಬಂದದ್ದು ಆ ಪಾತ್ರಗಳು ಹಳೆಯ ಕರಾರಿನ ಬಲೆಗೆ ಬಿದ್ದಿರಲಿಲ್ಲ ಅಂತ.

ಇನ್ನು ಗೋಡೆ. ಇದು ನನಗೆ ತುಂಬ ಇಷ್ಟದ ಭಾಗ. ಅಂಗಳದ ಗೋಡೆ ಹಳೆಯ ಮರದ ಹಲಗೆ, ತುಕ್ಕು ಹಿಡಿದ ತಗಡು. ನಿಜವಾದ ಮರ ಹಾಕಿದರೆ ಬೆಂಕಿಯ ಭಯ, ಮಳೆಗೆ ಕೊಳೆಯುವ ಭಯ. ಹಾಗಾಗಿ ಎಲ್ಲವೂ ಸಿಮೆಂಟು. ಕಬ್ಬಿಣದ ಸರಳು ಬಗ್ಗಿಸಿ ಗೂಡು ಕಟ್ಟಿ, ಜಾಲರಿ ಬಿಗಿದು, ಕಾಂಕ್ರೀಟ್ ಚಿಮ್ಮಿಸುತ್ತೇವೆ. ಅದರ ಮೇಲೆ ಕೆತ್ತುವ ಗಾರೆ ಬಳಿಯುತ್ತೇವೆ. ಗಾರೆ ಗಟ್ಟಿಯಾಗುವ ಮೊದಲು ಸಿಗುವುದು ಕೆಲವೇ ಗಂಟೆ. ಅಷ್ಟರೊಳಗೆ ಕರಣೆಯಿಂದ ಹಲಗೆಯ ಸಂದು ಬಿಡಿಸಬೇಕು, ತಂತಿ ಬ್ರಷ್ ಎಳೆದು ಮರದ ಎಳೆ ಬರಿಸಬೇಕು, ಚಮಚದ ಹಿಡಿಯಿಂದ ಗಂಟು ಒತ್ತಬೇಕು. ಹುಡುಗನೊಬ್ಬ ಮುದ್ದೆ ಮಾಡಿದ ಪ್ಲಾಸ್ಟಿಕ್ ಚೀಲ ಒತ್ತಿ ತುಕ್ಕು ತಿಂದ ತಗಡಿನ ಮೈ ತಂದ. ನಾನು ಅದನ್ನೇ ಇಡೀ ಗೋಡೆಗೆ ಬಳಸಿಕೊಂಡೆ.

ಬಣ್ಣ ಆಮೇಲೆ. ಮೊದಲು ಕಪ್ಪುಗಂದು. ಒಣಗಿದ ಮೇಲೆ ನೀರುನೀರಾದ ಬಣ್ಣ ಬಳಿದು, ಮೇಲಿನಿಂದ ನೀರು ಸಿಂಪಡಿಸುತ್ತೇವೆ. ಬಣ್ಣ ಮಳೆನೀರಿನ ಹಾಗೆ ತಾನೇ ದಾರಿ ಮಾಡಿಕೊಂಡು ಇಳಿಯುತ್ತದೆ. ತುಕ್ಕಿನ ಗೆರೆ ಬೋಲ್ಟಿನ ಕೆಳಗೆ ಮಾತ್ರ ಇರಬೇಕು. ಬೋಲ್ಟೇ ಇಲ್ಲದ ಕಡೆ ತುಕ್ಕು ಇಳಿದರೆ ಏನೋ ಸುಳ್ಳು ಅನ್ನುವುದು ನೋಡುವವರ ಕಣ್ಣಿಗೆ ಹೊಳೆಯುತ್ತದೆ, ಏನು ಅಂತ ಅವರಿಗೆ ಹೇಳಲು ಬಾರದಿದ್ದರೂ. ಸೊಂಟದ ಎತ್ತರದಲ್ಲಿ ಮೈ ತಾಗಿ ನುಣುಪಾದ ಹೊಳಪು ಬಳಿದೆವು. ಮಂಡಿಯಿಂದ ಕೆಳಗೆ ಬೂಟಿನ ಕೊಳೆ. ಸಿನಿಮಾದಲ್ಲಿ ಹತ್ತು ಅಡಿ ದೂರದಿಂದ ಚೆನ್ನಾಗಿ ಕಂಡರೆ ಸಾಕಿತ್ತು. ಇಲ್ಲಿ ಮಗುವಿನ ಮೂಗು ಗೋಡೆಗೇ ತಾಗುತ್ತದೆ.

ಕ್ಯೂ ಚಲಿಸುತ್ತಲೇ ಇರಬೇಕು ಅನ್ನುವುದು ಇನ್ನೊಂದು ತಲೆನೋವು. ದೊಡ್ಡ ರೈಡ್ ಅಂದರೆ ಗಂಟೆಗೆ ಸಾವಿರಕ್ಕೂ ಜಾಸ್ತಿ ಜನ ಹತ್ತಿ ಇಳಿಯಬೇಕು. ತೀರಾ ಚಂದದ ವಸ್ತು ಇಟ್ಟರೆ ಎಲ್ಲರೂ ಅಲ್ಲೇ ನಿಂತು ಫೋಟೊ ತೆಗೆಯುತ್ತಾರೆ, ಮುಂದೆ ಖಾಲಿ ಬೀಳುತ್ತದೆ, ಹಿಂದಿನವರು ಗೊಣಗುತ್ತಾರೆ. ಅದಕ್ಕೆ ಒಳ್ಳೆಯ ವಸ್ತುಗಳನ್ನೆಲ್ಲ ದಾರಿ ಸುತ್ತಿ ಸುತ್ತಿ ಬರುವ ಕಡೆ ನಡುವೆ ಇಟ್ಟೆ. ಮೊದಲ ಸುತ್ತಿನಲ್ಲಿ ಕಾಣದ್ದು ಮೂರನೇ ಸುತ್ತಿನಲ್ಲಿ ಕಾಣುತ್ತದೆ. ಜಾಸ್ತಿ ದುಡ್ಡು ಕೊಟ್ಟು ಬೇಗ ಹೋಗುವವರ ಸಾಲು ಪಕ್ಕದಲ್ಲೇ ಸರಸರ ಸಾಗುತ್ತದೆ. ಅವರಿಗೆ ಸಣ್ಣಪುಟ್ಟದ್ದು ಕಾಣುವುದಿಲ್ಲ, ಹಾಗಾಗಿ ಅವರ ಕಡೆ ಅರ್ಧ ಬಿಚ್ಚಿದ ಹಡಗಿನ ದೊಡ್ಡ ಮೂತಿ. ಕಂಬದ ಮೇಲಿನ ಗೀಚು, ಸಾಲದ ಲೆಕ್ಕ ಎಲ್ಲ ಕಾಯುವವರ ಪಾಲಿಗೆ. ನನ್ನ ಪಕ್ಷಪಾತ ಅಂತಲೇ ಇಟ್ಟುಕೊಳ್ಳಿ.

ನಮ್ಮ ಜಾಗದಲ್ಲಿ ಮೊದಲು ಒಂದು ಹಳೆಯ ದೋಣಿ ರೈಡ್ ಇತ್ತು. ಯಾವ ಸಿನಿಮಾಕ್ಕೂ ಸೇರಿದ್ದಲ್ಲ. ಅದನ್ನು ಪ್ರೀತಿಸುವವರು ಸಿಟ್ಟಾದರು. ಇದು ಎಲ್ಲ ಕಡೆ ಇದ್ದದ್ದೇ. ಫ್ಲಾರಿಡಾದ ಡಿಸ್ನಿ ಪಾರ್ಕು ಎಪ್ಕಾಟ್‌ನ ನಾರ್ವೆ ಮಂಟಪದಲ್ಲಿದ್ದ ಮೇಲ್‌ಸ್ಟ್ರಾಮ್ ಅನ್ನುವ ದೋಣಿ ರೈಡ್ ಹೋಗಿ 2016ರಲ್ಲಿ ಫ್ರೋಜನ್ ಸಿನಿಮಾದ ರೈಡ್ ಬಂದಾಗಲೂ ಜನ ಹೀಗೇ ಬೇಜಾರಾಗಿದ್ದರು. ಅವರ ಸಿಟ್ಟಿಗೆ ನನ್ನಲ್ಲಿ ಉತ್ತರ ಇಲ್ಲ. ಹಳೆಯ ದೋಣಿಗಳಲ್ಲಿ ಒಂದನ್ನು ಉಳಿಸಿಕೊಂಡು, ಬಣ್ಣ ಕೂಡ ಬದಲಿಸದೆ, ರಿಪೇರಿಗೆ ಬಂದ ದೋಣಿ ಅಂತ ಅಂಗಳದಲ್ಲಿ ತೂಗುಹಾಕಿದೆ. ಕಿತ್ತು ತಂದ ಸಾಮಾನು ಮಾತ್ರ ಅನ್ನುವ ನಮ್ಮ ನಿಯಮಕ್ಕೂ ಸರಿಹೋಯಿತು.

ಕೊನೆಯ ಕೆಲಸ ಮೇಂಟೆನೆನ್ಸ್‌ನವರಿಗೆ ಒಂದು ಪುಸ್ತಕ ಮಾಡಿಕೊಟ್ಟದ್ದು. ಗೋಡೆಯ ಪ್ರತಿ ತುಂಡಿನ ಫೋಟೊ, ಬಣ್ಣದ ಅಳತೆ, ಯಾವುದರ ಮೇಲೆ ಯಾವುದು, ಎಷ್ಟು ನೀರು. ಪಾರ್ಕು ಮುಚ್ಚಿದ ಮೇಲೆ ರಾತ್ರಿ ಕೆಲವೇ ಗಂಟೆಗಳಲ್ಲಿ ಅವರು ತೇಪೆ ಹಾಕಬೇಕು, ಬೆಳಗ್ಗೆ ಬಣ್ಣ ಒಣಗಿರಬೇಕು. ನಾವು ಬಳಿದ ಹೊಳಪನ್ನು ಸವೆದಿದೆ ಅಂದುಕೊಂಡು ಮುಚ್ಚಿಬಿಡಬೇಡಿ, ಜನರ ಕೈ ತಾಗಿ ನಿಜವಾಗಿ ಸವೆದದ್ದನ್ನೂ ಸಿಮೆಂಟು ಕಾಣುವವರೆಗೆ ಹಾಗೇ ಬಿಡಿ ಅಂತ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿಸಿದೆ.