ಖಾಲಿ ಚಿಪ್ಪು ನೋಡಿ ‘ಸೈಫನೇಟ್’ ಅಂತ ಗುರುತಿಸೋದು ಹೇಗೆ?

ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪು ಇದು. ಬಳಚಿನ (ಎರಡು ಚಿಪ್ಪಿನ ನಡುವೆ ಬದುಕುವ ಮೆದುಮೈಯ ಪ್ರಾಣಿ) ಚಿಪ್ಪು ಕೈಗೆ ಕೊಟ್ಟರೆ ಮಕ್ಕಳು ಮೊದಲು ತೂತು ಹುಡುಕುತ್ತಾರೆ. ಮೂತಿಯ, ಅಂದರೆ ಎರಡು ಚಿಪ್ಪು ಸೇರುವ ಕಡೆಯ ಉಬ್ಬಿದ ತುದಿಯ, ಹತ್ತಿರ ದುಂಡನೆಯ ತೂತು ಸಿಕ್ಕಿದರೆ ಸೈಫನ್ ಸಿಕ್ಕಿತು ಅಂತ ಖುಷಿ. ಅದು ಬಳಚನ್ನು ತಿನ್ನೋಕೆ ಬಂದ ಕಡಲ ಬಸವನಹುಳು ಕೊರೆದ ತೂತು, ಸೈಫನ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಮೊದಲು ಪದ. ಸೈಫನ್ ಅಂದರೆ ಮಾಂಸದ ಕೊಳವೆ, ಮೈ ಮುಚ್ಚಿರುವ ಪೊರೆಯ ಅಂಚಿನಿಂದಲೇ ಆಗಿರುತ್ತದೆ. ಮರಳಲ್ಲಿ ಹೂತು ಕೂತ ಬಳಚು (ಮಂಗಳೂರು ಕಡೆ ಮರುವಾಯಿ) ಇಂಥ ಎರಡನ್ನು ಮೇಲಕ್ಕೆ ಚಾಚುತ್ತದೆ. ಒಂದರಲ್ಲಿ ನೀರು ಒಳಗೆ, ಇನ್ನೊಂದರಲ್ಲಿ ಹೊರಗೆ. ಪೈಪ್ ಹಾಕಿ ಪೆಟ್ರೋಲ್ ಇಳಿಸುವ ಸೈಫನ್ ನೆನಪಾದರೆ ಅದನ್ನು ಬಿಟ್ಟುಬಿಡಿ. ಇಲ್ಲಿ ನೀರನ್ನು ಎಳೆಯೋದು ಕಿವಿರಿನ ಮೇಲಿನ ಸಣ್ಣ ಸಣ್ಣ ರೋಮಗಳ ಬಡಿತ. ಸೈಫನ್ ಇರುವ ಪ್ರಾಣಿ ಸೈಫನೇಟ್, ಆಯ್‌ಸ್ಟರ್‌ನ ಹಾಗೆ ಇಲ್ಲದ್ದು ಅಸೈಫನೇಟ್.

ಚಿಪ್ಪು ತೊಳೆದು ಒಣಗಿಸಿ. ಬೀಚ್ ಅಂಗಡಿಯ ಪಾಲಿಶ್ ಚಿಪ್ಪು ಮಾತ್ರ ತರಬೇಡಿ, ಆಸಿಡ್ ಮತ್ತು ವಾರ್ನಿಶ್‌ನಲ್ಲಿ ಬೇಕಾದ ಗುರುತೇ ಅಳಿಸಿರುತ್ತದೆ. ಸಾರು ಮಾಡಿ ಉಳಿದ ಚಿಪ್ಪೇ ಸಾಕು.

ಎಲ್ಲರೂ ಎಡವೋದು ಮುಂದಿನ ಹೆಜ್ಜೆಯಲ್ಲಿ. ಒಳಮೈ ಕಾಣುವ ಹಾಗೆ, ಮೂತಿ ಮೇಲಿಟ್ಟು ಹಿಡಿಯಿರಿ. ನೇರ ಬೆಳಕಲ್ಲಿ ಏನೂ ಕಾಣೋದಿಲ್ಲ. ಕಿಟಕಿ ಪಕ್ಕ ಕೂತು, ಬೆಳಕು ಓರೆಯಾಗಿ ಬೀಳುವ ತನಕ ಚಿಪ್ಪನ್ನು ನಿಧಾನವಾಗಿ ವಾಲಿಸುತ್ತಾ ಹೋಗಿ. ಎರಡು ಬದಿಗೂ ಒಂದೊಂದು ದುಂಡು ಕಲೆ ಕಾಣುತ್ತದೆ, ಚಿಪ್ಪು ಮುಚ್ಚುವ ಸ್ನಾಯು ಅಂಟಿದ್ದ ಜಾಗ. ಆ ಎರಡನ್ನೂ ಸೇರಿಸುತ್ತಾ ಕೆಳ ಅಂಚಿನ ಜೊತೆಜೊತೆಗೆ ಒಂದು ಮಸುಕು ಗೆರೆ ಓಡುತ್ತದೆ. ಅದೇ ಪ್ಯಾಲಿಯಲ್ ಗೆರೆ. ಕಣ್ಣಿಗೆ ನಂಬಿಕೆ ಬರದಿದ್ದರೆ ಉಗುರಿನಿಂದ ಮೆಲ್ಲಗೆ ಸವರಿ ನೋಡಿ, ಸಿಕ್ಕಮೇಲೆ ಪೆನ್ಸಿಲ್‌ನಲ್ಲಿ ಅದರ ಮೇಲೇ ಎಳೆಯಿರಿ. ಪುಸ್ತಕದ ಚಿತ್ರ ನೋಡಿಕೊಂಡು ಎಳೆಯಬೇಡಿ, ದಯವಿಟ್ಟು. ಹಿಂಬದಿಯ ಕಲೆ ಹತ್ತಿರ ಬರುವಾಗ ಗೆರೆ ಒಳಕ್ಕೆ ಬಾಗಿ, ಕಡಲು ನೆಲದೊಳಗೆ ನುಗ್ಗಿದ ಕೊಲ್ಲಿಯ ಹಾಗೆ ತಿರುವು ತೆಗೆದುಕೊಂಡರೆ ಅದು ಪ್ಯಾಲಿಯಲ್ ಸೈನಸ್. ಸೈಫನ್ ಒಳಗೆ ಎಳೆದುಕೊಳ್ಳುವ ಸ್ನಾಯುಗಳು ಅಂಟಿದ್ದು ಅಲ್ಲೇ. ಕೊಲ್ಲಿ ಆಳವಾದಷ್ಟೂ ಸಾಮಾನ್ಯವಾಗಿ ಸೈಫನ್ ಉದ್ದ, ಪ್ರಾಣಿ ಹೂತಿದ್ದೂ ಆಳದಲ್ಲಿ.

ಕೊಲ್ಲಿ ಇದ್ದರೆ ಧೈರ್ಯವಾಗಿ ಸೈಫನೇಟ್ ಅಂತ ಬರೆಯಿರಿ. ಇಲ್ಲ ಅಂದ ತಕ್ಷಣ ಅಸೈಫನೇಟ್ ಅನ್ನಬೇಡಿ. ಬಳಚಿನ ಹಾಗೇ ಎರಡು ಚಿಪ್ಪಿರುವ ಕಾಕಲ್‌ಗಳಿಗೆ ಗಿಡ್ಡ ಸೈಫನ್ ಇರುತ್ತದೆ, ಗೆರೆ ಮಾತ್ರ ಬಾಗೋದಿಲ್ಲ.

ಶಂಖದ ಜಾತಿಯಲ್ಲಿ ಲೆಕ್ಕ ಬೇರೆ, ಅಲ್ಲಿ ಬಾಯಂಚು ನೋಡಬೇಕು. ಪೂಜೆಯ ಶಂಖದಲ್ಲಿ ತೀರ್ಥ ಹರಿದು ಬೀಳುವ ಉದ್ದ ಕಾಲುವೆ ಇದೆ ಅಲ್ವಾ? ಜೀವ ಇದ್ದಾಗ ಹುಳು ಸೈಫನ್ ಚಾಚುತ್ತಿದ್ದದ್ದು ಅದರಲ್ಲೇ. ಗದ್ದೆಯ ಪೈಲಾ ಬಸವನಹುಳುವಿನ ಬಾಯಂಚು ಎಲ್ಲೂ ಸೀಳದೆ ಪೂರ್ತಿ ದುಂಡಗಿರುತ್ತದೆ, ಹಾಗಂತ ಚಿಪ್ಪು ನೋಡಿ ‘ಸೈಫನ್ ಇಲ್ಲ’ ಎಂದು ಬರೆದು ಅಂಕ ಕಳೆದುಕೊಂಡವರು ಜಾಸ್ತಿ. ಜೀವಂತ ಪೈಲಾ ಒಂದನ್ನು ಬಕೆಟ್ ನೀರಿಗೆ ಬಿಟ್ಟು, ಅಲುಗಾಡಿಸದೆ ಸುಮ್ನೆ ಕಾಯಿರಿ. ತಲೆಯ ಎಡಗಡೆಯ ಚರ್ಮದ ಮಡಿಕೆ ಸುರುಳಿ ಸುತ್ತಿ ಕೊಳವೆಯಾಗಿ, ಗಾಳಿ ಎಳೆಯೋಕೆ ನೀರಿನ ಮೇಲಕ್ಕೆ ಬರುತ್ತದೆ.